ಬ್ಯಾಂಡ್ ಸಾ: ಜೋಡಣೆ ಮತ್ತು ಹೊಂದಾಣಿಕೆ

ಹಲ್ಲು ಕಡಿದ ಉಕ್ಕಿನ ಪಟ್ಟಿಯ ಎರಡು ತುದಿಗಳನ್ನು ಬೆಸೆದು, ಒಂದರ ಮೇಲೊಂದು ನಿಂತ ಎರಡು ಚಕ್ರಗಳಿಗೆ ತೊಡಿಸಿ, ಒಂದೇ ದಿಕ್ಕಿಗೆ ಓಡಿಸುವ ಮರಗೆಲಸದ ಯಂತ್ರ ಬ್ಯಾಂಡ್ ಸಾ. ಕೆಳಗಿನ ಚಕ್ರವನ್ನು ಮೋಟಾರು ತಿರುಗಿಸುತ್ತದೆ. ಮೇಲಿನ ಚಕ್ರ ಬ್ಲೇಡನ್ನು ಬಿಗಿಯಾಗಿ ಹಿಡಿಯುತ್ತದೆ. ಅದನ್ನು ಹಿಂದಕ್ಕೋ ಮುಂದಕ್ಕೋ ವಾಲಿಸಿ ಬ್ಲೇಡ್ ಚಕ್ರದ ಮೇಲೆ ಎಲ್ಲಿ ಓಡಬೇಕೆಂದು ಗೊತ್ತುಮಾಡಬಹುದು. ಚಕ್ರಗಳ ನಡುವೆ ಟೇಬಲ್, ಟೇಬಲಿನ ಮೇಲೂ ಕೆಳಗೂ ಬ್ಲೇಡಿನ ಎರಡು ಪಕ್ಕಕ್ಕೆ ಗೈಡುಗಳು, ಬೆನ್ನಿಗೆ ಥ್ರಸ್ಟ್ ಬೇರಿಂಗ್. ಬ್ಲೇಡ್ ಸದಾ ಕೆಳಮುಖವಾಗಿ ಓಡುವುದರಿಂದ ಮರ ಟೇಬಲಿಗೆ ಒತ್ತಿಕೊಂಡೇ ಇರುತ್ತದೆ, ಸರ್ಕ್ಯುಲರ್ ಸಾ ಮಾಡುವಂತೆ ಬ್ಲೇಡ್ ಅದನ್ನು ಕೆಲಸಗಾರನ ಮೇಲೆ ಹಿಂದಕ್ಕೆ ಎಸೆಯುವುದಿಲ್ಲ. ಬಾಗು ಕೊಯ್ಯಲು, ದಪ್ಪ ತುಂಡನ್ನು ತೆಳು ಹಲಗೆಗಳಾಗಿ ಸೀಳಲು, ಬೆಲೆಬಾಳುವ ಮರದಲ್ಲಿ ಕಡಿಮೆ ಹೊಟ್ಟು ಹೋಗುವಂತೆ ನೋಡಿಕೊಳ್ಳಲು ಇದಕ್ಕೆ ಸಮನಾದ ಯಂತ್ರವಿಲ್ಲ. ಆದರೂ ಕೊಯ್ತ ಗೆರೆ ಬಿಟ್ಟು ಓಡುತ್ತದೆ, ಹಲಗೆ ನಡುವೆ ಹೊಟ್ಟೆ ಬಿಡುತ್ತದೆ, ಬ್ಲೇಡ್ ಬೇಗ ತುಂಡಾಗುತ್ತದೆ ಎಂಬ ದೂರುಗಳು ಇದರ ಮೇಲೆ ಬಂದಷ್ಟು ಬೇರೆ ಯಂತ್ರದ ಮೇಲೆ ಬರುವುದಿಲ್ಲ. ಈ ದೂರುಗಳಲ್ಲಿ ಹೆಚ್ಚಿನವು ಯಂತ್ರದ ದೋಷದಿಂದ ಹುಟ್ಟುವುದಿಲ್ಲ, ಹೊಂದಿಸುವ ಕ್ರಮ ತಲೆಕೆಳಗಾಗುವುದರಿಂದ ಹುಟ್ಟುತ್ತವೆ. ಬ್ಲೇಡ್ ಮೊದಲು ಚಕ್ರ ಮತ್ತು ಬಿಗಿತ ಎರಡರ ಬಲದಿಂದಲೇ ನೆಟ್ಟಗೆ ಓಡಬೇಕು. ಗೈಡು, ಟೇಬಲ್, ಮರವನ್ನು ಆನಿಸಿ ತಳ್ಳುವ ಫೆನ್ಸ್ ಇವೆಲ್ಲ ಹಾಗೆ ಓಡುತ್ತಿರುವ ಬ್ಲೇಡಿಗೆ ಆಮೇಲೆ ಒಪ್ಪಿಸಿಕೊಳ್ಳಬೇಕಾದವು. ಡೊಂಕಾಗಿ ಓಡುವ ಬ್ಲೇಡನ್ನು ಗೈಡಿನಿಂದ ಒತ್ತಿ ನೇರ ಮಾಡಲು ಹೊರಟಲ್ಲಿ ತೊಂದರೆ ಶುರುವಾಗುತ್ತದೆ.

ಬ್ಲೇಡೇ ಮೊದಲು ಎಂಬುದನ್ನು ಈ ಯಂತ್ರದ ಚರಿತ್ರೆಯೂ ಹೇಳುತ್ತದೆ. ಲಂಡನ್ನಿನ ವಿಲಿಯಂ ನ್ಯೂಬೆರಿ 19ನೆಯ ಶತಮಾನದ ಮೊದಲ ದಶಕದಲ್ಲೇ ಬ್ಯಾಂಡ್ ಸಾಗೆ ಪೇಟೆಂಟ್ ಪಡೆದಿದ್ದ. ಚಕ್ರ, ಟೇಬಲ್, ಚೌಕಟ್ಟು ಎಲ್ಲವನ್ನೂ ಮಾಡಬಲ್ಲ ಕುಶಲಿಗರು ಆಗಲೇ ಇದ್ದರು. ಆದರೆ ಮುಂದಿನ ಸುಮಾರು ನಾಲ್ಕು ದಶಕ ಯಂತ್ರ ಬಳಕೆಗೆ ಬರಲಿಲ್ಲ. ಬೆಸುಗೆಯ ಬಳಿಯೋ ಹಲ್ಲಿನ ಬುಡದಲ್ಲೋ ಮುರಿಯದೆ ಚಕ್ರ ಸುತ್ತಬಲ್ಲ ಬ್ಲೇಡ್ ಮಾಡುವುದು ಯಾರಿಗೂ ಸಾಧ್ಯವಾಗದೆ ಹೋದದ್ದೇ ಇದಕ್ಕೆ ಕಾರಣ. ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ ಎಂಬ ಮಹಿಳೆ ಬ್ಲೇಡಿನ ತುದಿಗಳನ್ನು ಬೆಸೆಯುವ ವಿಧಾನವೊಂದನ್ನು ಕಂಡುಹಿಡಿದು 1846ರಲ್ಲಿ ಪೇಟೆಂಟ್ ಪಡೆದಳು. ಅದರ ಹಕ್ಕನ್ನು ಕೊಂಡ ಪ್ಯಾರಿಸ್ಸಿನ ಪೆರಿನ್ ಕಂಪನಿ ಆ ವಿಧಾನದ ಜೊತೆಗೆ ಒಳ್ಳೆಯ ಉಕ್ಕನ್ನೂ ಅದನ್ನು ಹದಗೊಳಿಸುವ ಹೊಸ ಕ್ರಮವನ್ನೂ ಸೇರಿಸಿದ ಮೇಲೆ ಬ್ಯಾಂಡ್ ಸಾ ಕಾರ್ಖಾನೆಗಳಿಗೆ ಕಾಲಿಟ್ಟಿತು. ಅಮೆರಿಕದ ಡೆಲ್ಟಾ ಕಂಪನಿ 20ನೆಯ ಶತಮಾನದ ಮೊದಲರ್ಧದಲ್ಲಿ ರೂಪಿಸಿದ 14 ಇಂಚು ಚಕ್ರದ, ಎರಕದ ಕಬ್ಬಿಣದ ಚೌಕಟ್ಟಿನ ಮಾದರಿಯನ್ನು ಲೋಕದ ಎಷ್ಟೋ ತಯಾರಕರು ಇಂದಿಗೂ ಹೆಚ್ಚುಕಡಿಮೆ ಹಾಗೆಯೇ ನಕಲು ಮಾಡುತ್ತಾರೆ. ಈ ಲೇಖನದ ಲೆಕ್ಕಗಳೆಲ್ಲ ಆ ಅಳತೆಯ ಯಂತ್ರವನ್ನು ಮುಂದಿಟ್ಟುಕೊಂಡು ಹೇಳಿದವು.

ಬ್ಲೇಡಿನ ಮೇಲೆ ಬೀಳುವ ಹೊರೆಯನ್ನು ಮೊದಲು ಲೆಕ್ಕ ಹಾಕಿ ನೋಡಬೇಕು. ಸಾಮಾನ್ಯ ಕಾರ್ಬನ್ ಉಕ್ಕಿನ ಬ್ಲೇಡಿಗೆ ತಯಾರಕರು ಹೇಳುವ ಬಿಗಿತ ಚದರ ಮಿಲಿಮೀಟರಿಗೆ ಸುಮಾರು 10ರಿಂದ 14 ಕೆ.ಜಿ. ಇದನ್ನು ಕೇಳಿದವರು ಬ್ಲೇಡಿಗೆ ಬೀಳುವ ದೊಡ್ಡ ಹೊರೆ ಇದೇ ಎಂದುಕೊಳ್ಳುತ್ತಾರೆ. ಆದರೆ 0.64 ಮಿ.ಮೀ. ದಪ್ಪದ ಬ್ಲೇಡ್ 14 ಇಂಚಿನ, ಎಂದರೆ ಸುಮಾರು 355 ಮಿ.ಮೀ. ಚಕ್ರವನ್ನು ಬಳಸಿಕೊಂಡು ಬಾಗುವಾಗ ಅದರ ಹೊರಮೈ ಅನುಭವಿಸುವ ಎಳೆತ ಚದರ ಮಿಲಿಮೀಟರಿಗೆ 36 ಕೆ.ಜಿ.ಯಷ್ಟಾಗುತ್ತದೆ. ಬಿಗಿತಕ್ಕಿಂತ ಬಾಗುವಿಕೆಯ ಹೊರೆಯೇ ಎರಡೂವರೆಯಿಂದ ಮೂರೂವರೆ ಪಟ್ಟು ದೊಡ್ಡದು. ಈ ಯಂತ್ರದಲ್ಲಿ ಬ್ಲೇಡ್ ಸೆಕೆಂಡಿಗೆ ಸುಮಾರು 15 ಮೀಟರು ಓಡುತ್ತದೆ. ಅದರ ಉದ್ದ 2.4 ಮೀಟರಿನ ಆಸುಪಾಸು. ಹಾಗಾಗಿ ಅದು ನಿಮಿಷಕ್ಕೆ 380 ಸುತ್ತು ಸುತ್ತಿ, ಪ್ರತಿ ಸುತ್ತಿಗೆ ಎರಡು ಸಲ ಬಾಗಿ ಎರಡು ಸಲ ನೇರವಾಗುತ್ತದೆ. ಒಂದು ಗಂಟೆ ಕೆಲಸ ಮಾಡಿದರೆ ನಲವತ್ತು ಸಾವಿರಕ್ಕೂ ಹೆಚ್ಚು ಬಾಗು. ಹಲ್ಲುಗಳ ನಡುವಿನ ಗುಳಿಯ ತಳದಲ್ಲಿ ಬಿರುಕು ಮೂಡುವುದು ಈ ದಣಿವಿನಿಂದ. ಚಕ್ರದ ವ್ಯಾಸದ ಸಾವಿರದಲ್ಲೊಂದು ಪಾಲಿಗಿಂತ ಬ್ಲೇಡ್ ದಪ್ಪವಿರಬಾರದು ಎಂಬ ಹಳೆಯ ನಿಯಮವಿದೆ. 14 ಇಂಚಿನ ಚಕ್ರಕ್ಕೆ ಮಾರುವ ಬ್ಲೇಡುಗಳಲ್ಲಿ ಬಹುಪಾಲು ಆ ಮಿತಿಯನ್ನು ದಾಟಿಯೇ ಇರುತ್ತವೆ. ಆದ್ದರಿಂದ ಸಣ್ಣ ಯಂತ್ರದಲ್ಲಿ ಬ್ಲೇಡ್ ಮುರಿದಾಗ ಬಿಗಿತ ಹೆಚ್ಚಾಯಿತೆಂದು ಬೈಯುವುದಕ್ಕಿಂತ, ಅದಕ್ಕಿಂತ ತೆಳುವಾದ ಬ್ಲೇಡ್ ಸಿಗುತ್ತದೆಯೇ ಎಂದು ವಿಚಾರಿಸುವುದು ಮೇಲು.

ಹೊಂದಾಣಿಕೆ ಶುರುವಾಗುವುದು ಬ್ಲೇಡಿನ ಆಯ್ಕೆಯಿಂದ. ಸರಿಯಲ್ಲದ ಬ್ಲೇಡ್ ಹಾಕಿಕೊಂಡು ತಿರುಪುಗಳನ್ನು ತಿರುಗಿಸುತ್ತ ಕೂರುವುದು ವ್ಯರ್ಥ. ಬಾಗು ಕೊಯ್ಯಲು ಅಗಲವೇ ಮುಖ್ಯ: ಕಾಲು ಇಂಚಿನ ಬ್ಲೇಡ್ ಸುಮಾರು 16 ಮಿ.ಮೀ. ತ್ರಿಜ್ಯದ ಬಾಗಿನವರೆಗೆ ತಿರುಗಬಲ್ಲದು, ಅರ್ಧ ಇಂಚಿನದಕ್ಕೆ 63 ಮಿ.ಮೀ.ಯಷ್ಟಾದರೂ ಬೇಕು. ಅದಕ್ಕಿಂತ ಬಿಗುವಾಗಿ ತಿರುಗಿಸಿದರೆ ಬ್ಲೇಡಿನ ಬೆನ್ನು ಕೊಯ್ದ ಸೀಳಿನ ಗೋಡೆಗೆ ಉಜ್ಜಿ ಮರ ಸುಡುತ್ತದೆ, ಬ್ಲೇಡ್ ತಿರುಚಿಕೊಳ್ಳುತ್ತದೆ. ಸೀಳುವ ಕೆಲಸಕ್ಕೆ ಹಲ್ಲಿನ ಎಣಿಕೆ ಮುಖ್ಯ. ಮರದ ದಪ್ಪದೊಳಗೆ ಒಂದು ಹೊತ್ತಿಗೆ ಮೂರು ಹಲ್ಲುಗಳಾದರೂ ಇರಬೇಕು, ಆರರಿಂದ ಹನ್ನೆರಡು ಇದ್ದರೆ ಹದ, ಇಪ್ಪತ್ನಾಲ್ಕು ಮೀರಬಾರದು ಎಂಬುದು ರೂಢಿಯ ಲೆಕ್ಕ. ಆರು ಇಂಚು ಎತ್ತರದ ತುಂಡನ್ನು ಇಂಚಿಗೆ ಮೂರು ಹಲ್ಲಿನ ಬ್ಲೇಡಿನಿಂದ ಸೀಳಿದರೆ ಹದಿನೆಂಟು ಹಲ್ಲು ಒಳಗಿರುತ್ತವೆ, ಕೆಲಸ ನಡೆಯುತ್ತದೆ. ಇಂಚಿಗೆ ಹತ್ತು ಹಲ್ಲಿನದನ್ನು ಹಾಕಿದರೆ ಅರವತ್ತು ಹಲ್ಲು ಒಟ್ಟಿಗೆ ಕೊಯ್ಯುತ್ತವೆ. ಪುಟ್ಟ ಗುಳಿಗಳು ಮರದ ಅರ್ಧ ದಾರಿಯಲ್ಲೇ ಹೊಟ್ಟಿನಿಂದ ತುಂಬಿ, ಆಮೇಲಿನ ಹಲ್ಲು ಕೊಯ್ಯಲು ಜಾಗವಿಲ್ಲದೆ ಉಜ್ಜುತ್ತದೆ, ಕೆಲಸಗಾರ ಇನ್ನೂ ಜೋರಾಗಿ ತಳ್ಳುತ್ತಾನೆ. ನಯವಾದ ಮೈ ಬರಲೆಂದು ಸಣ್ಣ ಹಲ್ಲಿನ ಬ್ಲೇಡ್ ಹಾಕಿ ಸೀಳಹೊರಟವರಿಗೆ ಡೊಂಕು ಹಲಗೆ ಸಿಗುವುದು ಇದರಿಂದ. ಮರದ ಜಾತಿಯೂ ಲೆಕ್ಕಕ್ಕೆ ಬರುತ್ತದೆ. ತೇಗದಲ್ಲಿ ಸಿಲಿಕಾ ಇರುವುದರಿಂದ ಕಾರ್ಬನ್ ಉಕ್ಕಿನ ಹಲ್ಲು ಬೇಗ ಮೊಂಡಾಗುತ್ತದೆ. ದಿನವೂ ತೇಗ ಕೊಯ್ಯುವ ಕಡೆ ಕಾರ್ಬೈಡ್ ತುದಿಯ ಬ್ಲೇಡಿಗೆ ಕೊಟ್ಟ ದುಡ್ಡು ದಂಡವಲ್ಲ. ನೀಲಗಿರಿಯ ದಿಮ್ಮಿಯೊಳಗೆ ಬೆಳೆಯುವಾಗಲೇ ಕೂಡಿಕೊಂಡ ಒತ್ತಡ ಎಷ್ಟಿರುತ್ತದೆಂದರೆ ಕೊಯ್ಯುತ್ತಿರುವಾಗಲೇ ಹಲಗೆ ಬಿಲ್ಲಿನಂತೆ ಬಾಗುತ್ತದೆ. ಅದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ.

ಬ್ಲೇಡ್ ಬದಲಿಸುವಾಗ ಮೊದಲು ಪ್ಲಗ್ ಕಿತ್ತಿಡಬೇಕು. ಆಮೇಲೆ ಮೇಲಿನ, ಕೆಳಗಿನ ಗೈಡುಗಳನ್ನೂ ಎರಡು ಥ್ರಸ್ಟ್ ಬೇರಿಂಗುಗಳನ್ನೂ ಬ್ಲೇಡಿಗೆ ತಾಗದಷ್ಟು ದೂರ ಸರಿಸಬೇಕು. ಅವಸರದಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಈ ಕೆಲಸವನ್ನೇ. ಹಳೆಯ ಬ್ಲೇಡಿಗೆ ಹೊಂದಿಸಿದ್ದ ಗೈಡುಗಳ ನಡುವೆ ಹೊಸ ಬ್ಲೇಡನ್ನು ತೂರಿಸಿದರೆ, ಅದು ಚಕ್ರಗಳ ಮೇಲೆ ತನ್ನಷ್ಟಕ್ಕೆ ಎಲ್ಲಿ ಓಡಲು ಬಯಸುತ್ತದೆ ಎಂಬುದು ಕಾಣಿಸುವುದೇ ಇಲ್ಲ. ಚಕ್ರಗಳ ರಬ್ಬರ್ ಟೈರುಗಳಿಗೆ ಅಂಟಿದ ಹೊಟ್ಟು, ರಾಳವನ್ನು ಕೆರೆದು ತೆಗೆಯಬೇಕು. ಒಂದೆಡೆ ಗಟ್ಟಿಯಾಗಿ ಕೂತ ಹೊಟ್ಟಿನ ಗಡ್ಡೆ ಪ್ರತಿ ಸುತ್ತಿಗೂ ಬ್ಲೇಡನ್ನು ಕುಲುಕುತ್ತದೆ. ಹೊಸ ಬ್ಲೇಡನ್ನು ಹಲ್ಲು ಮುಂದಕ್ಕೆ, ಟೇಬಲಿನ ಬಳಿ ಕೆಳಮುಖವಾಗಿ ನಿಲ್ಲುವಂತೆ ತೊಡಿಸಿ, ಜಾರಿ ಬೀಳದಷ್ಟು ಮಾತ್ರ ಬಿಗಿಮಾಡಿ, ಮೇಲಿನ ಚಕ್ರವನ್ನು ಕೈಯಿಂದಲೇ ತಿರುಗಿಸುತ್ತ ನೋಡಬೇಕು.

ಹೀಗೆ ತಿರುಗಿಸುವಾಗ ಬ್ಲೇಡ್ ಒಂದು ಕಡೆಗೆ ಸರಿಯುತ್ತ ಹೋಗುತ್ತದೆ. ಸಣ್ಣ ಯಂತ್ರಗಳ ಟೈರು ಚಪ್ಪಟೆಯಲ್ಲ, ನಡುವೆ ತುಸು ಉಬ್ಬಿರುತ್ತದೆ. ಉಬ್ಬಿನ ಇಳಿಜಾರಿನ ಮೇಲೆ ಕೂತ ಬ್ಲೇಡಿನ ಎರಡು ಅಂಚುಗಳಲ್ಲಿ ಎತ್ತರದ ಕಡೆಯದಕ್ಕೆ ಎಳೆತ ಹೆಚ್ಚು. ಆ ಎಳೆತಕ್ಕೆ ಬ್ಲೇಡ್ ತನ್ನ ಅಗಲದಲ್ಲಿ ಸ್ವಲ್ಪ ಬಾಗಿ, ಚಕ್ರಕ್ಕೆ ಹೊಸದಾಗಿ ಬಂದು ಸೇರುವ ಭಾಗ ಎತ್ತರದತ್ತ ಮುಖಮಾಡುತ್ತದೆ. ಹಾಗೆ ಸುತ್ತಿನಿಂದ ಸುತ್ತಿಗೆ ಮೇಲೇರುತ್ತ ಅದು ಉಬ್ಬಿನ ನೆತ್ತಿಗೆ ಬಂದು ನಿಲ್ಲುತ್ತದೆ. ಮೇಲಿನ ಚಕ್ರದ ತಲೆಯನ್ನು ಹಿಂದಕ್ಕೆ ವಾಲಿಸಿದರೆ ಬ್ಲೇಡ್ ಹಿಂದಕ್ಕೂ, ಮುಂದಕ್ಕೆ ವಾಲಿಸಿದರೆ ಮುಂದಕ್ಕೂ ಸರಿಯುತ್ತದೆ. ವಾಲಿಸುವ ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚಿಲ್ಲದೆ ತಿರುಗಿಸಿ, ಚಕ್ರವನ್ನು ಹಲವು ಸುತ್ತು ತಿರುಗಿಸಿ ಕಾದು ನೋಡಿ, ಮತ್ತೆ ತಿರುಗಿಸಬೇಕು. ಬಿಗಿತ ಬದಲಾದರೆ ಬ್ಲೇಡ್ ಓಡುವ ಜಾಗವೂ ಬದಲಾಗುವುದರಿಂದ, ಪೂರ್ತಿ ಬಿಗಿಮಾಡಿದ ಮೇಲೆ ಇದನ್ನೇ ಇನ್ನೊಮ್ಮೆ ನೋಡುವುದು ಕಡ್ಡಾಯ.

ಬ್ಲೇಡಿನ ಯಾವ ಭಾಗ ನೆತ್ತಿಯ ಮೇಲೆ ನಿಲ್ಲಬೇಕು ಎಂಬುದರ ಬಗ್ಗೆ ಬಲ್ಲವರಲ್ಲೇ ಎರಡು ಪಕ್ಷಗಳಿವೆ. ಅಗಲದ ನಡುಗೆರೆಯೇ ನಿಲ್ಲಬೇಕೆಂದು ಒಂದು ಪಕ್ಷ, ಹಲ್ಲಿನ ಗುಳಿಯ ತಳ ನಿಲ್ಲಬೇಕೆಂದು ಇನ್ನೊಂದು. ವಾದದ ಹಿಂದಿನ ರೇಖಾಗಣಿತವನ್ನು ನೋಡಿದರೆ ಇಬ್ಬರೂ ಒಂದೇ ರೋಗಕ್ಕೆ ಮದ್ದು ಹೇಳುತ್ತಿದ್ದಾರೆ. ಬ್ಲೇಡ್ ಉಬ್ಬಿನ ಇಳಿಜಾರಿನಲ್ಲಿ ಕೂತರೆ ಅದರ ಮೈ ಆ ಇಳಿಜಾರಿನಷ್ಟೇ ಓರೆಯಾಗುತ್ತದೆ. ಎರಡೂ ಚಕ್ರಗಳ ಮೇಲೆ ಒಂದೇ ಕಡೆ ಕೂತಿದ್ದರೆ ನಡುವೆ ಟೇಬಲನ್ನು ದಾಟುವಾಗಲೂ ಅದೇ ಓರೆ ಉಳಿಯುತ್ತದೆ. ಒಂದೇ ಒಂದು ಡಿಗ್ರಿ ಓರೆಯಾದರೂ 300 ಮಿ.ಮೀ. ಕೊಯ್ಯುವಷ್ಟರಲ್ಲಿ ಗೆರೆ 5 ಮಿ.ಮೀ. ಪಕ್ಕಕ್ಕೆ ಹೋಗಿರುತ್ತದೆ. ಗೆರೆ ಬಿಟ್ಟು ಓಡುವ ಈ ಚಾಳಿಗೆ ಕೆಲಸಗಾರರು ಡ್ರಿಫ್ಟ್ ಎನ್ನುತ್ತಾರೆ. ಕಾಲು ಇಂಚಿನ ಬ್ಲೇಡಿನಲ್ಲಿ ನಡುಗೆರೆಗೂ ಗುಳಿಯ ತಳಕ್ಕೂ ನಡುವಿನ ಅಂತರ ತೀರ ಸಣ್ಣದು, ಯಾವ ಪಕ್ಷ ಹಿಡಿದರೂ ಕೊಯ್ತ ನೆಟ್ಟಗಿರುತ್ತದೆ. ಮುಕ್ಕಾಲು ಇಂಚಿನದರಲ್ಲಿ ಆ ಅಂತರ ದೊಡ್ಡದಾಗುತ್ತದೆ. ಆಗ ನಡುಗೆರೆಯಿಂದ ಆರಂಭಿಸಿ, ಕೊಯ್ದು ನೋಡಿ, ಓರೆ ಉಳಿದಿದ್ದರೆ ಬ್ಲೇಡನ್ನು ಒಂದೆರಡು ಮಿಲಿಮೀಟರು ಸರಿಸಿ ಪರೀಕ್ಷಿಸುವುದು ವಿವೇಕ. ಎರಡೂ ಚಕ್ರಗಳು ಕರಾರುವಾಕ್ಕಾಗಿ ಒಂದೇ ಸಮತಲದಲ್ಲಿರಬೇಕೆಂದು ಮತ್ತೆ ಕೆಲವರು ವಾಷರ್ ಹಾಕುತ್ತ ಹೋಗುತ್ತಾರೆ. ಅಗಲ ಬ್ಲೇಡಿಗೆ ಅದರಿಂದ ಲಾಭವಿದೆ. ಸಮತಲ ಬಹಳ ತಪ್ಪಿದ್ದರೆ ಮೇಲಿನ ಚಕ್ರವನ್ನು ಅತಿಯಾಗಿ ವಾಲಿಸಬೇಕಾಗುತ್ತದೆಂಬುದೂ ನಿಜ. ಆದರೆ ವಾಲಿಸುವ ತಿರುಪು ಇರುವ ಯಂತ್ರದಲ್ಲಿ ಆ ಸಮತಲ ಪ್ರತಿ ಬ್ಲೇಡಿಗೂ ತುಸು ಬದಲಾಗುತ್ತದೆ. ಬ್ಲೇಡ್ ನೆತ್ತಿಯ ಮೇಲೆ ಅಲುಗದೆ ಓಡುತ್ತಿದ್ದರೆ ಕೂದಲೆಳೆಯ ವ್ಯತ್ಯಾಸದ ಬೆನ್ನು ಹತ್ತುವ ಅಗತ್ಯವಿಲ್ಲ.

ಬಿಗಿತದ ವಿಷಯಕ್ಕೆ ಬಂದರೆ, ಯಂತ್ರದ ಮೇಲಿನ ಮಾಪಕ ಬ್ಲೇಡಿನ ಬಿಗಿತವನ್ನು ತೋರಿಸುವುದಿಲ್ಲ. ಸ್ಪ್ರಿಂಗ್ ಎಷ್ಟು ಅದುಮಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಹಳೆಯ ಸ್ಪ್ರಿಂಗ್ ಸೋತಿದ್ದರೆ ಅದೂ ಸುಳ್ಳು. ನಿಜವಾದ ಬಿಗಿತವನ್ನು ಅಳೆಯಲು ಉಕ್ಕಿನ ಗುಣವೇ ನೆರವಾಗುತ್ತದೆ: ಚದರ ಮಿಲಿಮೀಟರಿಗೆ 10 ಕೆ.ಜಿ. ಎಳೆದರೆ ಪ್ರತಿ 100 ಮಿ.ಮೀ. ಉದ್ದ 0.05 ಮಿ.ಮೀ. ಹಿಗ್ಗುತ್ತದೆ. ಸಡಿಲ ಬ್ಲೇಡಿಗೆ ವರ್ನಿಯರ್ ಕ್ಯಾಲಿಪರಿನ ಎರಡು ದವಡೆಗಳನ್ನು 100 ಮಿ.ಮೀ. ಅಂತರದಲ್ಲಿ ಸಣ್ಣ ಕ್ಲಾಂಪುಗಳಿಂದ ಹಿಡಿಸಿ, ಬಿಗಿಮಾಡುತ್ತ ಅಂಕೆಯನ್ನು ಓದಿದರೆ ಸಾಕು, ಬೆಲೆಬಾಳುವ ಮಾಪಕ ಬೇಕಿಲ್ಲ. ಬಿಗಿತ ಹೆಚ್ಚಿದಷ್ಟೂ ಒಳ್ಳೆಯದೆಂಬ ವಾದಕ್ಕೆ ಗಟ್ಟಿ ಆಧಾರವಿದೆ. ಮರವನ್ನು ತಳ್ಳಿದಾಗ ಬ್ಲೇಡ್ ಹಿಂದಕ್ಕೆ ಒತ್ತಲ್ಪಡುತ್ತದೆ. ತೆಳು ಪಟ್ಟಿಯನ್ನು ಅದರ ಅಂಚಿನ ಮೇಲೆ ಒತ್ತಿದರೆ ಅದು ಹಿಂದಕ್ಕೆ ಹೋಗುವ ಬದಲು ತಿರುಚಿ ಪಕ್ಕಕ್ಕೆ ಹೊರಳುತ್ತದೆ. ಎಳೆತವೇ ಆ ಹೊರಳುವಿಕೆಯನ್ನು ತಡೆಯುವ ಬಲ. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಕಾಲು ಇಂಚಿನ ಬ್ಲೇಡನ್ನು ಸರಿಯಾಗಿ ಬಿಗಿದರೆ ಅದರ ಎರಡು ಎಳೆಗಳೂ ಸೇರಿ ಮೇಲಿನ ಚಕ್ರವನ್ನು ಸುಮಾರು 90 ಕೆ.ಜಿ. ಬಲದಿಂದ ಕೆಳಕ್ಕೆ ಎಳೆಯುತ್ತವೆ. ಮುಕ್ಕಾಲು ಇಂಚಿನ, 0.8 ಮಿ.ಮೀ. ದಪ್ಪದ ಬ್ಲೇಡಿಗೆ ಅದೇ ನ್ಯಾಯ ಸಲ್ಲಿಸಹೋದರೆ ಸುಮಾರು 340 ಕೆ.ಜಿ. ಬೇಕು. 14 ಇಂಚಿನ ಯಂತ್ರದ ಸ್ಪ್ರಿಂಗ್ ಅಷ್ಟು ದೂರ ಹೋಗದೆ ಸುರುಳಿಗಳು ಒಂದಕ್ಕೊಂದು ತಾಗಿ ನಿಲ್ಲುತ್ತವೆ, ಚೌಕಟ್ಟೂ ಬಾಗತೊಡಗುತ್ತದೆ. ಯಂತ್ರದ ಪುಸ್ತಕದಲ್ಲಿ ಮುಕ್ಕಾಲು ಇಂಚಿನ ಬ್ಲೇಡ್ ಹಾಕಬಹುದೆಂದು ಬರೆದಿರುತ್ತದೆ. ಹಾಕಬಹುದು ನಿಜ, ಬೇಕಾದಷ್ಟು ಬಿಗಿಮಾಡಲು ಆಗುವುದಿಲ್ಲ. ಅಂಥ ಯಂತ್ರದಲ್ಲಿ ಪೂರ್ತಿ ಬಿಗಿದ ಅರ್ಧ ಇಂಚಿನ ಬ್ಲೇಡ್, ಅರೆಬಿಗಿದ ಮುಕ್ಕಾಲು ಇಂಚಿನದಕ್ಕಿಂತ ನೇರವಾಗಿ ಸೀಳುತ್ತದೆ.

ಬ್ಲೇಡ್ ನೆತ್ತಿಯ ಮೇಲೆ ನಿಂತು, ಬಿಗಿಯಾದ ಮೇಲೆ ಗೈಡುಗಳ ಸರದಿ. ಗೈಡಿನ ಮುಂದಿನ ಅಂಚು ಹಲ್ಲಿನ ಗುಳಿಗಿಂತ ಒಂದಿಷ್ಟು ಹಿಂದೆ ನಿಲ್ಲಬೇಕು. ಮುಂದೆ ಬಂದರೆ ಎಡಕ್ಕೂ ಬಲಕ್ಕೂ ಚಾಚಿದ ಹಲ್ಲುಗಳ ಸೆಟ್ ಕೆಲವೇ ಸೆಕೆಂಡುಗಳಲ್ಲಿ ಸವೆದು, ಬ್ಲೇಡ್ ಆ ಬದಿಗೆ ಕೊಯ್ಯುವ ಶಕ್ತಿ ಕಳೆದುಕೊಳ್ಳುತ್ತದೆ. ಪಕ್ಕದ ಅಂತರಕ್ಕೆ ಸುಮಾರು 0.1 ಮಿ.ಮೀ., ಎಂದರೆ ಬರೆಯುವ ಕಾಗದದ ದಪ್ಪ ಸಾಕು. ಕಾಗದದ ಚೂರನ್ನು ಬ್ಲೇಡಿನ ಒಂದು ಮಗ್ಗುಲಿಗೆ ಹಿಡಿದು ಗೈಡನ್ನು ತಾಗುವಷ್ಟು ತಂದು ತಿರುಪು ಬಿಗಿದ ಮೇಲೆ ಕಾಗದ ಎಳೆದಾಗ ಹರಿಯದೆ ಜಾರಿ ಬರಬೇಕು. ಆಮೇಲೆ ಇನ್ನೊಂದು ಮಗ್ಗುಲು. ಈ ಕೆಲಸದಲ್ಲಿ ಕಣ್ಣು ಕಾಗದದ ಮೇಲಲ್ಲ, ಬ್ಲೇಡಿನ ಮೇಲಿರಬೇಕು: ತಿರುಪು ಬಿಗಿಯುವಾಗ ಬ್ಲೇಡ್ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಗೈಡು ಅದನ್ನು ತಳ್ಳುತ್ತಿದೆ ಎಂದೇ ಅರ್ಥ, ಬಿಚ್ಚಿ ಮತ್ತೆ ಮಾಡಬೇಕು. ಥ್ರಸ್ಟ್ ಬೇರಿಂಗನ್ನು ಬ್ಲೇಡಿನ ಬೆನ್ನಿನಿಂದ 0.4 ಮಿ.ಮೀ. ಹಿಂದೆ ನಿಲ್ಲಿಸಬೇಕು. ಖಾಲಿ ಓಡುವಾಗ ಅದು ಸುಮ್ಮನಿದ್ದು, ಮರ ತಳ್ಳಿದೊಡನೆ ತಿರುಗತೊಡಗಿದರೆ ಸರಿಯಾಗಿದೆ. ಖಾಲಿ ಓಟದಲ್ಲೂ ಬೇರಿಂಗ್ ತಿರುಗುತ್ತಿದ್ದರೆ, ಅಲ್ಲಿಂದ ಕಿಡಿ ಹಾರುತ್ತಿದ್ದರೆ, ಬ್ಲೇಡಿನ ಬೆನ್ನು ಬಡಿತಕ್ಕೆ ಗಡುಸಾಗಿ ಅಲ್ಲಿಂದಲೇ ಬಿರುಕು ಬಿಡುತ್ತದೆ. ಕೊನೆಯದಾಗಿ, ಮೇಲಿನ ಗೈಡಿನ ಕಂಬವನ್ನು ಮೇಲಿನಿಂದ ಕೆಳಕ್ಕೆ ಇಳಿಸಿ ಎಲ್ಲ ಅಂತರಗಳೂ ಹಾಗೆಯೇ ಉಳಿದಿವೆಯೇ ಎಂದು ನೋಡಬೇಕು. ಕಂಬ ಬ್ಲೇಡಿಗೆ ಸಮಾನಾಂತರವಾಗಿಲ್ಲದಿದ್ದರೆ ಆರು ಇಂಚಿನ ಮರಕ್ಕೆ ಹೊಂದಿಸಿದ ಗೈಡು ಒಂದು ಇಂಚಿನ ಮರಕ್ಕೆ ಇಳಿಸುವಷ್ಟರಲ್ಲಿ ಬ್ಲೇಡನ್ನು ಒತ್ತತೊಡಗಿರುತ್ತದೆ. ಎಲ್ಲ ಸರಿಮಾಡಿಯೂ ದಿನಕ್ಕೊಂದು ಬಗೆಯ ಫಲ ಕೊಡುವ ಯಂತ್ರಗಳಲ್ಲಿ ನೋಡಬೇಕಾದ ಮೊದಲ ಜಾಗ ಇದು.

ಗೈಡು ಬ್ಲೇಡನ್ನು ಒತ್ತಬಾರದು ಎಂಬ ಮಾತಿಗೆ ಬಲವಾದ ಆಕ್ಷೇಪವೊಂದು ಸಾಮಿಲ್‌ಗಳಿಂದ ಬರುತ್ತದೆ. ದಿಮ್ಮಿ ಸೀಳುವ ದೊಡ್ಡ ಬ್ಯಾಂಡ್ ಮಿಲ್ಲುಗಳಲ್ಲೂ ತೋಟಕ್ಕೇ ಒಯ್ಯಬಹುದಾದ ಅಡ್ಡ ಬ್ಯಾಂಡ್ ಮಿಲ್ಲುಗಳಲ್ಲೂ ಗೈಡುಗಳು ಬ್ಲೇಡನ್ನು ಅದರ ಸಹಜ ದಾರಿಯಿಂದ ಸುಮಾರು 6 ಮಿ.ಮೀ.ಯಷ್ಟು ಬೇಕೆಂದೇ ಒತ್ತಿ ಹಿಡಿದಿರುತ್ತವೆ. ಅಲ್ಲಿ ಹಲಗೆಗಳು ನೇರವಾಗಿಯೇ ಬರುತ್ತವೆ. ಹಾಗಾದರೆ ಸಣ್ಣ ಯಂತ್ರದಲ್ಲಿ ಒತ್ತಿದರೆ ತಪ್ಪೇನು? ವ್ಯತ್ಯಾಸ ಮೂರು ಕಡೆ ಇದೆ. ಅಲ್ಲಿ ಎರಡೂ ಗೈಡುಗಳು ಬ್ಲೇಡನ್ನು ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ಒತ್ತುವುದರಿಂದ ನಡುವಿನ ತುಂಡು ತಿರುಚದೆ ಸಮಾನಾಂತರವಾಗಿ ಸರಿಯುತ್ತದೆ. ಅಲ್ಲಿನ ಚೌಕಟ್ಟು ಸಣ್ಣ ಯಂತ್ರ ಕನಸಿನಲ್ಲೂ ಕಾಣದ ಬಿಗಿತವನ್ನು ತಡೆದುಕೊಳ್ಳುತ್ತದೆ. ದೊಡ್ಡ ಮಿಲ್ಲಿನ ಅಗಲ ಬ್ಲೇಡಿನ ನಡುಭಾಗವನ್ನು ಸಾ ಡಾಕ್ಟರು ರೋಲರಿನಡಿ ಹಾಯಿಸಿ ಹಿಗ್ಗಿಸಿ, ಅಂಚುಗಳು ಬಿಗಿಯಾಗಿ ನಿಲ್ಲುವಂತೆ ಮೊದಲೇ ಹದಮಾಡಿರುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲೂ ಕ್ರಮ ಇದೇ. ಗೈಡು ತಾಗದಂತೆ ಬ್ಲೇಡನ್ನು ಚಕ್ರದ ಮೇಲೆ ಓಡಿಸಿ, ಬಿಗಿಮಾಡಿ, ಆಮೇಲೆ ಗೈಡನ್ನು ಅಳೆದು ಒತ್ತಿ, ದಿಮ್ಮಿ ಕೂರುವ ಹಾಸಿಗೆ ಅಥವಾ ಟ್ರಾಲಿಯನ್ನು ಹಾಗೆ ನಿಂತ ಬ್ಲೇಡಿಗೆ ಹೊಂದಿಸುತ್ತಾರೆ. ತಪ್ಪಾಗಿ ಓಡುವ ಬ್ಲೇಡನ್ನು ತಿದ್ದಲು ಅಲ್ಲಿ ಯಾರೂ ಗೈಡು ಒತ್ತುವುದಿಲ್ಲ. ಎಣ್ಣೆ ತುಂಬಿದ ಫೈಬರ್ ತುಂಡುಗಳ ಗೈಡುಗಳನ್ನು ಬ್ಲೇಡಿಗೆ ತಾಗಿಸಿಯೇ ಇಡಬಹುದಲ್ಲ ಎಂಬ ಇನ್ನೊಂದು ಆಕ್ಷೇಪವೂ ಇಲ್ಲೇ ಬಗೆಹರಿಯುತ್ತದೆ. ತಾಗುವುದು ಬೇರೆ, ತಳ್ಳುವುದು ಬೇರೆ. ಎಂಟನೇ ಒಂದು ಇಂಚಿನ ಎಳೆಯಂಥ ಬ್ಲೇಡಿಗೆ ಎರಡು ಕಡೆಯಿಂದಲೂ ಸಮನಾಗಿ ತಾಗಿ ನಿಂತ ಮೆತ್ತನೆಯ ಗೈಡು ಒಳ್ಳೆಯ ಆಸರೆ. ಅಷ್ಟು ಕಿರಿದಾದ ಬ್ಲೇಡಿಗೆ ಉಕ್ಕಿನ ಬೇರಿಂಗನ್ನು ಹತ್ತಿರ ತರಲು ಆಗದು.

ಟೇಬಲ್ ಮತ್ತು ಫೆನ್ಸ್ ಕೊನೆಗೆ. ಬಿಗಿಯಾದ ಬ್ಲೇಡಿನ ಮಗ್ಗುಲಿಗೆ, ಹಲ್ಲಿನ ಸೆಟ್ ತಾಗದಂತೆ, ಮೂಲೆಮಟ್ಟ ಹಿಡಿದು ಟೇಬಲನ್ನು ತೊಂಬತ್ತು ಡಿಗ್ರಿಗೆ ನಿಲ್ಲಿಸಬೇಕು. ಮೂಲೆಮಟ್ಟಕ್ಕಿಂತ ಸೂಕ್ಷ್ಮವಾದ ಪರೀಕ್ಷೆ ಬ್ಲೇಡೇ ಕೊಡುತ್ತದೆ: ಎರಡು ಮೂರು ಇಂಚು ದಪ್ಪದ ತುಂಡಿಗೆ ಅರ್ಧ ಇಂಚಿನಷ್ಟು ಕೊಯ್ದು ಯಂತ್ರ ನಿಲ್ಲಿಸಿ, ತುಂಡನ್ನು ಮಗುಚಿ ಬ್ಲೇಡಿನ ಹಿಂದಿನಿಂದ ತಂದರೆ ಬೆನ್ನು ಆ ಸೀಳಿನೊಳಗೆ ಸಲೀಸಾಗಿ ಹೋಗಬೇಕು, ಟೇಬಲ್ ವಾಲಿದ್ದರೆ ಸೀಳು ಅದರ ಎರಡರಷ್ಟು ಓರೆಯಾಗಿ ಕಾಣುತ್ತದೆ. ಫೆನ್ಸಿಗೆ, ಅಂಚು ನೇರವಾದ ಹಲಗೆಯ ಮೇಲೆ ಅಂಚಿಗೆ ಸಮಾನಾಂತರವಾಗಿ ಒಂದು ಗೆರೆ ಎಳೆದು, ಫೆನ್ಸ್ ಇಲ್ಲದೆ ಕೈಯಿಂದಲೇ ಗೆರೆಯ ಮೇಲೆ ಒಂದಡಿ ಕೊಯ್ದು, ಹಲಗೆಯನ್ನು ಅಲುಗಿಸದೆ ಯಂತ್ರ ನಿಲ್ಲಿಸಬೇಕು. ಆಗ ಹಲಗೆಯ ಅಂಚು ನಿಂತ ದಿಕ್ಕೇ ಬ್ಲೇಡ್ ಬಯಸುವ ದಿಕ್ಕು. ಆ ದಿಕ್ಕಿಗೆ ಫೆನ್ಸನ್ನು ತಿರುಗಿಸಿ ಕೆಲಸ ಮುಗಿಸಿ, ಡ್ರಿಫ್ಟ್ ಪ್ರತಿ ಬ್ಲೇಡಿನ ಹುಟ್ಟುಗುಣ ಎಂಬುದು ಬಹಳ ಕಾಲದ ಸಲಹೆ. ಅದರಲ್ಲಿ ಅರ್ಧ ಸತ್ಯವಿದೆ. ಒಂದು ಮಗ್ಗುಲಿನ ಹಲ್ಲು ಮೊಂಡಾಗಿದ್ದರೆ, ಮೊಳೆಗೆ ತಗುಲಿ ಸೆಟ್ ಹೋಗಿದ್ದರೆ ಬ್ಲೇಡ್ ಚೂಪಾದ ಮಗ್ಗುಲಿನತ್ತ ಎಳೆದೇ ಎಳೆಯುತ್ತದೆ. ಅದನ್ನು ಯಾವ ಚಕ್ರವೂ ತಿದ್ದದು. ಆದರೆ ಹೊಸ ಬ್ಲೇಡ್, ಅದರ ನಂತರ ಬೇರೆ ಅಗಲದ ಇನ್ನೊಂದು ಹೊಸ ಬ್ಲೇಡ್, ಎರಡೂ ಒಂದೇ ಕಡೆಗೆ ಓಡಿದರೆ ಕಾರಣ ಬ್ಲೇಡಿನಲ್ಲಿಲ್ಲ, ಚಕ್ರದ ಮೇಲೆ ಅದು ನಿಂತ ಜಾಗದಲ್ಲಿದೆ. ಆಗ ಫೆನ್ಸ್ ತಿರುಗಿಸಿದರೆ ಆ ಕೊಯ್ತ ಮಾತ್ರ ಸರಿಹೋಗುತ್ತದೆ. ಟೇಬಲಿನ ತೋಡಿನಲ್ಲಿ ಓಡುವ ಮೈಟರ್ ಗೇಜ್ ಅದೇ ಓರೆಯಲ್ಲಿ ಉಳಿದು, ಅಡ್ಡ ಕೊಯ್ದಾಗಲೆಲ್ಲ ಬ್ಲೇಡ್ ಸೀಳಿನ ಗೋಡೆಯನ್ನು ಉಜ್ಜುತ್ತಿರುತ್ತದೆ. ಆದ್ದರಿಂದ ಫೆನ್ಸನ್ನು ಮೊದಲು ಮೈಟರ್ ತೋಡಿಗೆ ಸಮಾನಾಂತರವಾಗಿ ನಿಲ್ಲಿಸಿ, ಬ್ಲೇಡನ್ನು ಚಕ್ರದ ಮೇಲೆ ಸರಿಸಿ ಆ ದಿಕ್ಕಿಗೆ ತರುವುದು ಸರಿಯಾದ ದಾರಿ. ಬ್ಲೇಡ್ ಹಳತಾಗಿ, ಹೊಸದು ತರುವ ಮುನ್ನ ನಾಲ್ಕು ಹಲಗೆ ಸೀಳಬೇಕಾಗಿ ಬಂದಾಗ ಫೆನ್ಸ್ ತಿರುಗಿಸುವುದರಲ್ಲಿ ತಪ್ಪಿಲ್ಲ.

ಡ್ರಿಫ್ಟಿನ ಜೊತೆ ಬೆರೆಸಿ ಹೇಳುವ ಇನ್ನೊಂದು ದೋಷ ಹಲಗೆಯ ಹೊಟ್ಟೆ. ಸೀಳಿದ ಹಲಗೆ ಮೇಲೂ ಕೆಳಗೂ ಸರಿಯಾದ ದಪ್ಪವಿದ್ದು, ಎತ್ತರದ ನಡುವೆ ಒಂದು ಮಗ್ಗುಲು ಉಬ್ಬಿ ಇನ್ನೊಂದು ಮಗ್ಗುಲು ತಗ್ಗಿರುತ್ತದೆ. ಇದು ದಿಕ್ಕಿನ ತಪ್ಪಲ್ಲ. ಬ್ಲೇಡ್ ಮರದೊಳಗೆ ಬಾಗಿದ ಗುರುತು, ಫೆನ್ಸಿಗೂ ಇದಕ್ಕೂ ಸಂಬಂಧವಿಲ್ಲ. ಬಿಗಿತ ಕಡಿಮೆ, ಹಲ್ಲು ಮೊಂಡು, ಗುಳಿ ಸಣ್ಣದು, ತಳ್ಳುವ ವೇಗ ಜಾಸ್ತಿ ಎಂಬ ನಾಲ್ಕು ಕಾರಣಗಳಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಕೊನೆಯದು, ಅದಕ್ಕೆ ಖರ್ಚಿಲ್ಲ. ಕೊಯ್ತದಿಂದ ಹೊರಬರುವ ಹೊಟ್ಟನ್ನು ಬೆರಳಲ್ಲಿ ಹಿಡಿದರೆ ಒರಟು ಕಾಳುಗಳಿರಬೇಕು. ಹಿಟ್ಟಿನಂತೆ ನುಣ್ಣಗಿದ್ದು ಬಿಸಿಯಾಗಿದ್ದರೆ ಹಲ್ಲು ಕೊಯ್ಯುತ್ತಿಲ್ಲ, ಅರೆಯುತ್ತಿದೆ. ಹಸಿ ಮರದ ಹೊಟ್ಟು ಒದ್ದೆಯಾಗಿ ಗುಳಿಗೆ ಮೆತ್ತಿಕೊಳ್ಳುವುದರಿಂದ ಮಳೆಗಾಲದಲ್ಲಿ ಉರುಳಿಸಿದ ಮರಕ್ಕೆ ಇನ್ನೂ ದೊಡ್ಡ ಗುಳಿಯ, ಇನ್ನೂ ಕಡಿಮೆ ಹಲ್ಲಿನ ಬ್ಲೇಡ್ ಬೇಕು.

ಕೆಲಸದ ಹೊತ್ತಿನಲ್ಲಿ ಮೇಲಿನ ಗೈಡು ಮರದ ಮೇಲ್ಮೈಗಿಂತ 6 ಮಿ.ಮೀ. ಮಾತ್ರ ಎತ್ತರದಲ್ಲಿರಬೇಕು. ಇದರಿಂದ ಆಸರೆಯಿಲ್ಲದ ಬ್ಲೇಡಿನ ಉದ್ದ ಕಡಿಮೆಯಾಗಿ ಅದು ಬಾಗುವುದೂ ಕಡಿಮೆಯಾಗುತ್ತದೆ. ಬೆರಳಿಗೆ ಎಟುಕುವಂತೆ ತೆರೆದ ಹಲ್ಲೂ ಕಡಿಮೆ. ಕೈಗವಸು ಹಾಕಿಕೊಳ್ಳಬಾರದು. ದುಂಡನೆಯ ಕೊಂಬೆ, ಬೊಡ್ಡೆಗಳನ್ನು ಹಲ್ಲು ಗಕ್ಕನೆ ಉರುಳಿಸಿ ಕೈಯನ್ನೂ ಜೊತೆಗೆ ಎಳೆದುಕೊಳ್ಳುವುದರಿಂದ ಅವನ್ನು ತೊಟ್ಟಿಲಲ್ಲಿ ಕಟ್ಟಿಯೇ ಕೊಯ್ಯಬೇಕು. ಚಕ್ರದ ಬಾಗಿಲು ಮುಚ್ಚದೆ ಯಂತ್ರ ಓಡಿಸಬಾರದು. ಮುರಿದ ಬ್ಲೇಡ್ ಪಕ್ಕಕ್ಕೆ ಚಿಮ್ಮುವ ಬದಿಯಲ್ಲಿ ಯಾರೂ ನಿಲ್ಲಬಾರದು. ಸ್ವಿಚ್ ಆರಿಸಿದ ಮೇಲೂ ಚಕ್ರಗಳ ತೂಕಕ್ಕೆ ಬ್ಲೇಡ್ ಸದ್ದಿಲ್ಲದೆ ಓಡುತ್ತಲೇ ಇರುತ್ತದೆ. ಸದ್ದು ಮಾಡುವಾಗ ಕಿವಿಗೊಡಬೇಕು: ಪ್ರತಿ ಸುತ್ತಿಗೊಮ್ಮೆ ಟಿಕ್ಕೆಂದರೆ ಬೆಸುಗೆಯ ಗಂಟು ಗೈಡಿಗೆ ತಾಗುತ್ತಿದೆ ಅಥವಾ ಬಿರುಕು ತೆರೆದುಕೊಳ್ಳುತ್ತಿದೆ. ಗಂಟಾದರೆ ಸಾಣೆಕಲ್ಲಿನಿಂದ ಉಜ್ಜಿ ಮಟ್ಟ ಮಾಡಬಹುದು, ಬಿರುಕಾದರೆ ಬ್ಲೇಡನ್ನು ಅಲ್ಲಿಗೇ ತೆಗೆದುಹಾಕಬೇಕು. ಕೆಲಸ ಮುಗಿದ ಮೇಲೆ ಬಿಗಿತ ಸಡಿಲಿಸುವುದು ಬ್ಲೇಡಿಗಾಗಿ ಎಂದು ಹಲವರು ತಿಳಿದಿದ್ದಾರೆ. ನಿಂತ ಬ್ಲೇಡಿಗೆ ಅದರಿಂದ ದೊಡ್ಡ ಉಪಕಾರವಿಲ್ಲ. ಟೈರಿನ ರಬ್ಬರಿನಲ್ಲಿ ಒಂದೇ ಕಡೆ ತಗ್ಗು ಬೀಳದಿರಲಿ, ಸ್ಪ್ರಿಂಗ್ ಸೋಲದಿರಲಿ ಎಂದು ಸಡಿಲಿಸುವುದು. ಹಾಗೆ ಸಡಿಲಿಸಿದ ಯಂತ್ರವನ್ನು ಮರುದಿನ ಸ್ವಿಚ್ ಹಾಕಿ ಓಡಿಸಿದರೆ ಬ್ಲೇಡ್ ಚಕ್ರದಿಂದ ಹಾರಿ ಗೈಡುಗಳನ್ನೂ ಹಲ್ಲುಗಳನ್ನೂ ಕೆಡಿಸುತ್ತದೆ. ಅದಕ್ಕಾಗಿ ಬಿಗಿತ ಇಳಿಸಿದವರು ಸ್ವಿಚ್ಚಿನ ಮೇಲೆ ಒಂದು ಚೀಟಿ ತೂಗುಹಾಕಿ ಹೋಗಬೇಕು. ಮತ್ತೆ ಬಿಗಿಮಾಡಿದವರು ಬ್ಲೇಡ್ ಹಿಂದಿನ ಜಾಗದಲ್ಲೇ ಓಡುತ್ತಿದೆಯೇ ಎಂದು ಚಕ್ರವನ್ನು ಕೈಯಿಂದ ಒಂದಷ್ಟು ಸುತ್ತು ತಿರುಗಿಸಿ ನೋಡಿಯೇ ಮೋಟಾರು ಹಚ್ಚಬೇಕು.